ಅಜ್ಜನ ಅರ್ಥ, ಮೊಮ್ಮಗನ ದಾಳ

ಆಷಾಢದಲ್ಲಿ ಹುಲಿಕಲ್ಲಿಗೆ ಬಂದ ನೆಂಟರು ಮೊದಲು ಕೇಳುವ ಪ್ರಶ್ನೆ ಒಂದೇ. "ಈ ಮಳೆ ನಿಲ್ಲುವುದು ಯಾವಾಗ?" ನಮ್ಮ ಮಾವನವರ ಉತ್ತರವೂ ಒಂದೇ. "ನವರಾತ್ರಿಗೆ ಬನ್ನಿ, ಆಗ ನೋಡುವ."

ಹೊಸನಗರ ತಾಲ್ಲೂಕಿನ ಅಂಚಿನಲ್ಲಿರುವ ಊರು ನಮ್ಮದು. ಘಟ್ಟ ಇಳಿದರೆ ಹೊಸಂಗಡಿ, ಅಲ್ಲಿಂದ ಮುಂದೆ ಕುಂದಾಪುರದ ಕಡಲು. ಕಡಲಿನಿಂದ ಬಂದ ಮೋಡ ಘಟ್ಟ ಹತ್ತಲಾರದೆ ಇಲ್ಲೇ ಸುರಿದುಬಿಡುತ್ತದೆ. ಹಾಗಾಗಿ ಕರ್ನಾಟಕದಲ್ಲಿ ಅತಿ ಹೆಚ್ಚು ಮಳೆ ಬೀಳುವ ಊರುಗಳ ಹೆಸರು ಹೇಳುವಾಗ ಆಗುಂಬೆಯ ಜೊತೆಗೆ ನಮ್ಮ ಹುಲಿಕಲ್ಲಿನ ಹೆಸರೂ ಬರುತ್ತದೆ. ಮಳೆ ಜೋರಾದರೆ ಶಾಲೆಗೆ ರಜೆ. ಕರೆಂಟೂ ಹೋದರೆ ಮನೆಯ ಮಕ್ಕಳೆಲ್ಲ ಜಗಲಿಗೆ.

ಅಂಥ ಒಂದು ಮಳೆ ರಜೆಯಲ್ಲಿ ನಮ್ಮ ಮನೆಯ ಜಗಲಿಯಲ್ಲಿ ಜಗಳ ಹತ್ತಿತು. ಅದರ ಕಾರಣ ಒಂದು ದಾಳ.

ಕತೆಯನ್ನೇ ಆಡುವ ಆಟ

ಬೇಸಿಗೆ ರಜೆಗೆ ಬಂದಿದ್ದ ಬೆಂಗಳೂರಿನ ಹುಡುಗನೊಬ್ಬ ಬಿಟ್ಟುಹೋದ ಡಬ್ಬಿ ಅದು. ಒಳಗೆ ಒಂದಿಷ್ಟು ಬಣ್ಣದ ದಾಳಗಳು. ನಾವು ಕಂಡ ಪಗಡೆ ದಾಳದಂತೆ ಉದ್ದ ಅಲ್ಲ, ಹಾವು-ಏಣಿ ದಾಳದಂತೆ ಆರು ಮುಖದ್ದೂ ಅಲ್ಲ. 4 ಮುಖದ್ದು, 8 ಮುಖದ್ದು, 12 ಮುಖದ್ದು, ಎಲ್ಲಕ್ಕಿಂತ ದೊಡ್ಡದು 20 ಮುಖದ್ದು. ಆಟದ ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬ ಇಬ್ಬರು ಇದನ್ನು ಮಾಡಿದ್ದು. ಮೊದಲು ಅಚ್ಚಾದದ್ದು 1974ರಲ್ಲಿ. ಸಣ್ಣ ಸಣ್ಣ ಗೊಂಬೆ ಸಿಪಾಯಿಗಳನ್ನಿಟ್ಟು ಯುದ್ಧದ ಆಟ ಆಡುತ್ತಿದ್ದವರು, ಒಂದು ಸೈನ್ಯದ ಬದಲು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಆಡಿದರೆ ಹೇಗೆ ಎಂದು ಯೋಚಿಸಿದಾಗ ಹುಟ್ಟಿದ ಆಟ.

ಆಡುವುದು ಹೀಗೆ. ಒಬ್ಬರು ಕತೆ ನಡೆಸುತ್ತಾರೆ. ಉಳಿದವರು ಒಬ್ಬ ವೀರ, ಒಬ್ಬ ಮಾಂತ್ರಿಕ, ಒಬ್ಬ ಕಳ್ಳ ಹೀಗೆ ಪಾತ್ರ ಹಂಚಿಕೊಳ್ಳುತ್ತಾರೆ. "ನೀವೊಂದು ಗುಹೆಯ ಬಾಗಿಲಿಗೆ ಬಂದಿದ್ದೀರಿ, ಒಳಗಿಂದ ಗೊರಕೆ ಕೇಳುತ್ತಿದೆ, ಏನು ಮಾಡುತ್ತೀರಿ?" ಎಂದು ಕತೆ ನಡೆಸುವವರು ಕೇಳುತ್ತಾರೆ. ಆಟಗಾರರು ತಮ್ಮ ಪಾತ್ರದ ಬಾಯಲ್ಲಿ ಉತ್ತರ ಹೇಳಬೇಕು. ಹೊಡೆದಾಟವಾದರೆ 20ರ ದಾಳ ಹಾಕಿ, ಬಿದ್ದ ಸಂಖ್ಯೆಗೆ ತಮ್ಮ ಶಕ್ತಿಯ ಅಂಕ ಕೂಡಿಸಬೇಕು. ಎದುರಾಳಿಯ ಕವಚಕ್ಕೂ ಒಂದು ಅಂಕವಿರುತ್ತದೆ. ಕೂಡಿಸಿದ ಮೊತ್ತ ಅದನ್ನು ಮುಟ್ಟಿದರೆ ಪೆಟ್ಟು ತಗಲಿತು, ಇಲ್ಲವಾದರೆ ತಪ್ಪಿತು.

ನಮ್ಮ ಮನೆಯಲ್ಲಿ ಕತೆ ನಡೆಸುವವಳು ಒಂಬತ್ತನೇ ಕ್ಲಾಸಿನ ದೊಡ್ಡವಳು. ಆರನೇ ಕ್ಲಾಸಿನವನು ವೀರ. ನಾಲ್ಕನೇ ಕ್ಲಾಸಿನವಳು ಮಾಂತ್ರಿಕಳು.

ಜಗಳ ಹತ್ತಿದ್ದು

ವೀರನೂ ಮಾಂತ್ರಿಕಳೂ ಮೂರು ದಿನ ಕಾಡು ಅಲೆದು ಶತ್ರುಗಳ ಪಾಳೆಯಕ್ಕೆ ಬಂದಿದ್ದರು. ರಾತ್ರಿ. ಕಾವಲಿನವನೂ ಸೇರಿ ಎಲ್ಲರೂ ಮಲಗಿದ್ದಾರೆ. ವೀರ ದಾಳ ಎತ್ತಿಕೊಂಡು, "ಒಳಗೆ ನುಗ್ಗಿ ಎಲ್ಲರನ್ನೂ ಹೊಡೆದು ಹಾಕುತ್ತೇನೆ" ಎಂದ.

"ಮಲಗಿದವರನ್ನು ಹೊಡೆಯಬಾರದು" ಎಂದಳು ಸಣ್ಣವಳು.

"ಪುಸ್ತಕದಲ್ಲಿ ಹಾಗೆ ಇಲ್ಲ. ಮಲಗಿದ್ದರೆ ಪೆಟ್ಟು ತಪ್ಪುವುದು ಕಡಿಮೆ, ತಗಲಿದರೆ ಡಬಲ್. ಅಕ್ಕನನ್ನು ಕೇಳು."

ಅವನು ಹೇಳಿದ್ದು ನಿಜವೇ. ಆಟದ ನಿಯಮದಲ್ಲಿ ಮೈಮೇಲೆ ಎಚ್ಚರವಿಲ್ಲದವರನ್ನು ಹೊಡೆಯುವುದು ಸುಲಭ. ಸಣ್ಣವಳು ಅಳುತ್ತಾ ದಾಳ ಕಸಿದುಕೊಂಡಳು. ಅವನು ಅವಳ ಜಡೆ ಹಿಡಿದ. ನಾನು ಹಲಸಿನ ಹಪ್ಪಳ ಸುಡುವುದು ಬಿಟ್ಟು ಬರುವಷ್ಟರಲ್ಲಿ ಕಂಬಳಿ ಹೊದ್ದು ಕೂತಿದ್ದ ಮಾವನವರು ಕೇಳಿದರು. "ಎಂಥದಾ ಅದು? ಸೌಪ್ತಿಕ ಪರ್ವವನಾ?"

ಮಕ್ಕಳು ಸುಮ್ಮನಾದರು. ಅಜ್ಜ ಹೀಗೆ ಕೇಳಿ ಎರಡು ಮಳೆಗಾಲ ಆಗಿತ್ತು.

ಮಾವನವರು ತಾಳಮದ್ದಲೆಯಲ್ಲಿ ಅರ್ಥ ಹೇಳುತ್ತಿದ್ದವರು. ಯಕ್ಷಗಾನದ ಮೇಳಗಳು ಮಳೆ ಹಿಡಿದ ಮೇಲೆ ತಿರುಗಾಟ ನಿಲ್ಲಿಸುತ್ತವೆ. ಆಗ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಮನೆಗಳ ಜಗಲಿಯಲ್ಲಿ, ದೇವಸ್ಥಾನಗಳಲ್ಲಿ ತಾಳಮದ್ದಲೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹೇಳುತ್ತಾರೆ, ಅರ್ಥಧಾರಿಗಳು ಕೂತಲ್ಲೇ ಪಾತ್ರವಾಗಿ ಮಾತಾಡುತ್ತಾರೆ. ಮಾವನವರು ವಾಲಿಯಾದರೆ ಎದುರಿಗೆ ರಾಮನಾಗಿ ಯಾವಾಗಲೂ ಒಬ್ಬರೇ, ಅವರ ಬಾಲ್ಯದ ಗೆಳೆಯರು. ಆ ಗೆಳೆಯರು ತೀರಿಕೊಂಡ ಮೇಲೆ ಇವರು ಅರ್ಥ ಹೇಳುವುದನ್ನು ಬಿಟ್ಟಿದ್ದರು. ಕರೆಯಲು ಬಂದವರಿಗೆ "ಗಂಟಲು ಸರಿ ಇಲ್ಲ" ಎನ್ನುತ್ತಿದ್ದರು. ಗಂಟಲು ಸರಿಯಾಗಿಯೇ ಇತ್ತು.

ಕುರುಕ್ಷೇತ್ರದ ಕಾನೂನು

"ನಿಮ್ಮ ಪುಸ್ತಕದಲ್ಲಿ ಇಲ್ಲದಿದ್ದರೆ ನಮ್ಮದರಲ್ಲಿ ಇದೆ, ಕೇಳಿ" ಎಂದು ಅಜ್ಜ ಶುರು ಮಾಡಿದರು.

ಮಹಾಭಾರತ ಯುದ್ಧಕ್ಕೆ ಮೊದಲು ಎರಡೂ ಕಡೆಯವರು ಕೂತು ನಿಯಮ ಮಾಡಿಕೊಂಡರು ಎಂದು ಭೀಷ್ಮಪರ್ವದ ಆರಂಭದಲ್ಲೇ ಬರುತ್ತದೆ. ರಥದವನು ರಥದವನೊಡನೆ, ಆನೆಯವನು ಆನೆಯವನೊಡನೆ, ಕುದುರೆಯವನು ಕುದುರೆಯವನೊಡನೆ, ಕಾಲಾಳು ಕಾಲಾಳಿನೊಡನೆ ಹೋರಾಡಬೇಕು. ಹೊಡೆಯುವ ಮೊದಲು ಎಚ್ಚರಿಕೆ ಕೊಡಬೇಕು. ಬೇರೆಯವನೊಡನೆ ಹೋರಾಡುತ್ತಿರುವವನನ್ನು, ಬೆನ್ನು ತಿರುಗಿಸಿದವನನ್ನು, ಆಯುಧ ಕಳೆದುಕೊಂಡವನನ್ನು, ಕವಚವಿಲ್ಲದವನನ್ನು ಹೊಡೆಯಬಾರದು. ಸಾರಥಿಯನ್ನು, ಭಾರ ಹೊರುವ ಪ್ರಾಣಿಯನ್ನು, ಆಯುಧ ತಂದುಕೊಡುವವರನ್ನು, ಭೇರಿ ಬಾರಿಸುವವರನ್ನು, ಶಂಖ ಊದುವವರನ್ನು ಮುಟ್ಟಬಾರದು. ಮಾತಿನಿಂದ ಯುದ್ಧಕ್ಕೆ ಬಂದವನಿಗೆ ಮಾತಿನಿಂದಲೇ ಉತ್ತರ.

"ಸೈನ್ಯ ಎಷ್ಟಿತ್ತು ಅಜ್ಜ?" ಎಂದಳು ದೊಡ್ಡವಳು.

"ಹದಿನೆಂಟು ಅಕ್ಷೌಹಿಣಿ. ಕೌರವರದು 11, ಪಾಂಡವರದು 7. ಒಂದು ಅಕ್ಷೌಹಿಣಿಗೆ 21,870 ರಥ, ಅಷ್ಟೇ ಆನೆ, 65,610 ಕುದುರೆ, 1,09,350 ಕಾಲಾಳು. ಒಂದೊಂದು ಸಂಖ್ಯೆಯ ಅಂಕಿಗಳನ್ನೂ ಕೂಡಿಸಿ ನೋಡು."

ಅವಳು ಕೂಡಿಸಿದಳು. 2, 1, 8, 7, 0 ಸೇರಿ 18. ಕುದುರೆಯದ್ದೂ 18. ಕಾಲಾಳಿನದ್ದೂ 18. ಯುದ್ಧ ನಡೆದದ್ದೂ 18 ದಿನ. ಮಕ್ಕಳೇ, ನೀವೂ ಕೂಡಿಸಿ ನೋಡಿ.

ಮಂತ್ರಕ್ಕೂ ಲೆಕ್ಕವಿದೆ

"ಮತ್ತೆ ನನ್ನ ಮಂತ್ರಕ್ಕೆ?" ಎಂದಳು ಮಾಂತ್ರಿಕಳು. ಅವಳ ಆಟದಲ್ಲಿ ಮಾಂತ್ರಿಕರಿಗೆ ದಿನಕ್ಕೆ ಇಷ್ಟೇ ಮಂತ್ರ ಎಂದು ಮಿತಿಯಿದೆ. ಮುಗಿದ ಮೇಲೆ ಮಲಗಿ ಎದ್ದರೆ ಮಾತ್ರ ಮತ್ತೆ ಸಿಗುತ್ತದೆ.

ಅಸ್ತ್ರಗಳಿಗೂ ಅಂಥದೇ ಮಿತಿಗಳಿದ್ದವು ಎಂದರು ಅಜ್ಜ. ಇಂದ್ರನು ಕರ್ಣನಿಗೆ ಕೊಟ್ಟ ಶಕ್ತ್ಯಾಯುಧ ಒಂದೇ ಸಲ ಬಳಸುವಂಥದು. ಅರ್ಜುನನಿಗೆಂದು ಇಟ್ಟುಕೊಂಡದ್ದನ್ನು ಅವನು ಘಟೋತ್ಕಚನ ಮೇಲೆ ಬಿಡಬೇಕಾಯಿತು. ಪರಶುರಾಮರ ಶಾಪದಿಂದ ಕರ್ಣನಿಗೆ ಬ್ರಹ್ಮಾಸ್ತ್ರದ ಮಂತ್ರ ಬೇಕಾದ ಹೊತ್ತಿಗೇ ಮರೆಯಿತು. ದ್ರೋಣರು ಸತ್ತ ಮೇಲೆ ಅಶ್ವತ್ಥಾಮ ಬಿಟ್ಟ ನಾರಾಯಣಾಸ್ತ್ರದ ನಿಯಮವಂತೂ ವಿಚಿತ್ರ. ಎದುರಿಸಿದಷ್ಟೂ ಅದು ಬೆಳೆಯುತ್ತದೆ. ಆಯುಧ ಕೆಳಗಿಟ್ಟು ರಥದಿಂದ ಇಳಿದವರನ್ನು ಅದು ಮುಟ್ಟುವುದಿಲ್ಲ. ಎಲ್ಲರೂ ಇಳಿದರು, ಭೀಮ ಇಳಿಯಲಿಲ್ಲ. ಕೃಷ್ಣ, ಅರ್ಜುನ ಇಬ್ಬರೂ ಸೇರಿ ಅವನನ್ನು ರಥದಿಂದ ಎಳೆದು ಇಳಿಸಬೇಕಾಯಿತು.

ಮಕ್ಕಳು ನಕ್ಕರು. ವೀರ ಮಾತ್ರ ನಗಲಿಲ್ಲ. "ಅಜ್ಜ, ಇಷ್ಟೆಲ್ಲ ನಿಯಮ ಇತ್ತಲ್ಲ, ಯಾರಾದರೂ ಪಾಲಿಸಿದರಾ?" ಎಂದ.

ಮಾವನವರು ಸ್ವಲ್ಪ ಹೊತ್ತು ಮಳೆ ನೋಡುತ್ತಾ ಕೂತರು. ಅವನ ಪ್ರಶ್ನೆ ತಪ್ಪಾಗಿರಲಿಲ್ಲ. ಅಭಿಮನ್ಯುವನ್ನು ಆರು ಮಂದಿ ಮಹಾರಥರು ಮುತ್ತಿದರು. ಸಾತ್ಯಕಿಯೊಡನೆ ಹೋರಾಡುತ್ತಿದ್ದ ಭೂರಿಶ್ರವನ ತೋಳನ್ನು ಅರ್ಜುನ ಕತ್ತರಿಸಿದ. ಧರ್ಮರಾಯ ಅರ್ಧ ಸತ್ಯ ಹೇಳಿದ, ನೆಲದಿಂದ ನಾಲ್ಕು ಬೆರಳು ಮೇಲೆ ಓಡುತ್ತಿದ್ದ ಅವನ ರಥ ಅಂದೇ ನೆಲಕ್ಕಿಳಿಯಿತು. ದುರ್ಯೋಧನನ ತೊಡೆಗೆ ಭೀಮನ ಗದೆ ಬಿತ್ತು.

"ಪಾಲಿಸಲಿಲ್ಲ" ಎಂದರು ಅಜ್ಜ. "ಮುರಿದವರು ಎರಡೂ ಕಡೆ ಇದ್ದರು. ಆದರೆ ಒಬ್ಬರೂ ಸುಮ್ಮನೆ ದಾಟಿಹೋಗಲಿಲ್ಲ ಮಾರಾಯ. ಪ್ರತಿಯೊಬ್ಬನನ್ನೂ ನಿಲ್ಲಿಸಿ ಯಾರಾದರೂ ಒಬ್ಬರು ಕೇಳಿದ್ದಾರೆ, ಯಾಕೆ ಮಾಡಿದೆ ಎಂದು. ಆ ಪ್ರಶ್ನೆಗೆ ಉತ್ತರ ಹೇಳುವುದೇ ನಮ್ಮ ತಾಳಮದ್ದಲೆ. ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮನನ್ನು ವಾಲಿ ಕೇಳದೆ ಬಿಟ್ಟನಾ?"

ಮೊದಲು ಅರ್ಥ, ಆಮೇಲೆ ದಾಳ

ಆಮೇಲೆ ಅಜ್ಜ ಒಂದು ಒಪ್ಪಂದ ಮಾಡಿದರು. "ನೀನು ಪಾಳೆಯಕ್ಕೆ ನುಗ್ಗು, ನಾನು ಬೇಡ ಅನ್ನುವುದಿಲ್ಲ. ಆದರೆ ಮೊದಲು ಅರ್ಥ ಹೇಳಬೇಕು. ನೀನು ಅಶ್ವತ್ಥಾಮ. ನಾನು ಕೃಪ, ನಿನ್ನ ಸೋದರಮಾವ. ಅಕ್ಕ ಭಾಗವತರು. ಅವಳು ಸಾಕು ಅಂದಾಗ ನಿಲ್ಲಿಸಬೇಕು."

ಕತೆ ನಿಮಗೆ ಗೊತ್ತಿರಬಹುದು. ಹದಿನೆಂಟನೆಯ ದಿನದ ರಾತ್ರಿ. ಕೌರವರ ಕಡೆ ಉಳಿದವರು ಅಶ್ವತ್ಥಾಮ, ಕೃಪ, ಕೃತವರ್ಮ ಮೂವರೇ. ಆಲದ ಮರದ ಕೆಳಗೆ ನಿದ್ದೆ ಬಾರದೆ ಕೂತ ಅಶ್ವತ್ಥಾಮನ ಕಣ್ಣೆದುರೇ ಒಂದು ಗೂಬೆ ಬಂದು ಮಲಗಿದ್ದ ಕಾಗೆಗಳನ್ನು ಕೊಲ್ಲುತ್ತದೆ. ಅವನಿಗೆ ದಾರಿ ಹೊಳೆಯುತ್ತದೆ.

ನಮ್ಮ ಅಶ್ವತ್ಥಾಮ ಮೊದಲು ತಡವರಿಸಿದ. ಆಮೇಲೆ ಮಾತು ಬಂತು. "ನನ್ನ ಅಪ್ಪನನ್ನು ಸುಳ್ಳು ಹೇಳಿ ಕೊಂದರು. ಆಯುಧ ಕೆಳಗಿಟ್ಟು ಕೂತಿದ್ದರು ಅವರು. ನಿಯಮ ಮೊದಲು ಮುರಿದದ್ದು ಅವರು. ಮುರಿದ ನಿಯಮವನ್ನು ನಾನೊಬ್ಬ ಯಾಕೆ ಹಿಡಿದುಕೊಂಡು ಕೂರಬೇಕು?"

ಮೂಲ ಕತೆಯಲ್ಲೂ ಅಶ್ವತ್ಥಾಮನ ವಾದ ಹೆಚ್ಚು ಕಡಿಮೆ ಇದೇ. ಅದನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಅಜ್ಜ ನೇರವಾಗಿ ಕೂತರು. ಕಂಬಳಿ ಹೆಗಲಿಂದ ಜಾರಿತು. "ಅಳಿಯಾ, ನಿನಗೆ ನಿದ್ದೆ ಇಲ್ಲ. ನಿದ್ದೆ ಇಲ್ಲದವನ ಬುದ್ಧಿ ಅವನ ಕೈಯಲ್ಲಿ ಇರುವುದಿಲ್ಲ. ಇವತ್ತು ಮಲಗು. ಬೆಳಗಾದ ಮೇಲೆ ಧೃತರಾಷ್ಟ್ರನನ್ನು, ಗಾಂಧಾರಿಯನ್ನು, ವಿದುರನನ್ನು ಕೇಳುವ. ಅವರು ಯುದ್ಧ ಎಂದರೆ ಬೆಳಕಿನಲ್ಲಿ ನಾನೂ ನಿನ್ನ ಪಕ್ಕ ನಿಂತು ಹೋರಾಡುತ್ತೇನೆ. ಅವರು ಮುರಿದರು ಅನ್ನುತ್ತೀಯ. ಹೌದು, ಮುರಿದರು. ಹಾಗೆಂದು ನೀನೂ ಮುರಿದರೆ ನಾಳೆ ನಿನ್ನ ಮಗ ಮಲಗುವಾಗ ಕಾಯುವುದಕ್ಕೆ ಏನು ಉಳಿಯುತ್ತದೆ?"

ಭಾಗವತರು ಕೈ ತೋರಿಸಿದರು. ಅಜ್ಜ ನಿಲ್ಲಿಸಲಿಲ್ಲ. ಹಿಂದೆ ತಾಳಮದ್ದಲೆಯಲ್ಲೂ ಹೀಗೇ ಆಗುತ್ತಿತ್ತಂತೆ, ಇವರ ಮಾತು ಉದ್ದವಾದರೆ ಭಾಗವತರು ಮುಂದಿನ ಪದ್ಯ ಎತ್ತಿಬಿಡುತ್ತಿದ್ದರಂತೆ.

ಮಾತು ಮುಗಿದ ಮೇಲೆ ಅಜ್ಜ ಪಾತ್ರ ಬದಲಿಸಿದರು. "ಈಗ ನೀನು ಕೃಪ, ನಾನು ಅಶ್ವತ್ಥಾಮ." ಹುಡುಗನಿಗೆ ಈ ಸಲ ಮಾತು ಸಿಗಲು ಹೆಚ್ಚು ಹೊತ್ತು ಬೇಕಾಯಿತು. ಕೊನೆಗೆ ಅವನು ಹೇಳಿದ್ದು ಒಂದೇ ವಾಕ್ಯ. "ಅವರಿಗೆ ಗೊತ್ತೇ ಆಗುವುದಿಲ್ಲವಲ್ಲ ಅಳಿಯಾ, ಯಾರು ಹೊಡೆದರು ಅಂತ."

ಅಸ್ತ್ರ ಹಿಂದೆ ಬರಲಿಲ್ಲ

"ಅಶ್ವತ್ಥಾಮನಿಗೆ ಕೊನೆಗೆ ಏನಾಯಿತು?" ಎಂದು ಸಣ್ಣವಳು ಕೇಳಿದಳು.

ಅವನು ಕೃಪನ ಮಾತು ಕೇಳಲಿಲ್ಲ. ಮಲಗಿದ್ದ ಧೃಷ್ಟದ್ಯುಮ್ನನನ್ನು, ಶಿಖಂಡಿಯನ್ನು, ದ್ರೌಪದಿಯ ಐವರು ಮಕ್ಕಳನ್ನು ಕೊಂದ. ಪಾಂಡವರು ಬೆನ್ನಟ್ಟಿ ಬಂದಾಗ ಬ್ರಹ್ಮಶಿರೋಸ್ತ್ರ ಬಿಟ್ಟ. ಮನುಷ್ಯರ ಮೇಲೆ ಇದನ್ನು ಬಿಡಬೇಡ ಎಂದು ಅಪ್ಪ ದ್ರೋಣರು ಹೇಳಿಯೇ ಕೊಟ್ಟಿದ್ದರು. ಅರ್ಜುನನೂ ಅದೇ ಅಸ್ತ್ರ ಬಿಟ್ಟ. ಬಿಡುವ ಮೊದಲು, ಗುರುಪುತ್ರನಿಗೆ ಒಳ್ಳೆಯದಾಗಲಿ ಎಂದು ಹೇಳಿಯೇ ಬಿಟ್ಟ. ಅಸ್ತ್ರವನ್ನು ಅಸ್ತ್ರ ತಣಿಸಲಿ ಎಂಬುದಷ್ಟೇ ಅವನ ಆಸೆ. ನಾರದರೂ ವ್ಯಾಸರೂ ನಡುವೆ ಬಂದು ನಿಂತರು. ಅರ್ಜುನ ತನ್ನ ಅಸ್ತ್ರವನ್ನು ಹಿಂದೆ ತೆಗೆದುಕೊಂಡ. ಅಶ್ವತ್ಥಾಮನಿಗೆ ಬಿಡಲು ಬರುತ್ತಿತ್ತು, ಹಿಂದೆ ತೆಗೆಯಲು ಬರಲಿಲ್ಲ. ವ್ರತ ಹಿಡಿದು ಮನಸ್ಸು ಗೆದ್ದವನಿಗೆ ಮಾತ್ರ ಅದು ಸಾಧ್ಯ. ಹಿಂದೆ ಬಾರದ ಅಸ್ತ್ರ ಇನ್ನೂ ಹುಟ್ಟದ ಮಗುವಿನ ಕಡೆ ಹೋಯಿತು. ಆ ಮಗುವನ್ನು ಕೃಷ್ಣ ಬದುಕಿಸಿದ. ಅವನೇ ಪರೀಕ್ಷಿತ. ಅಶ್ವತ್ಥಾಮ ತಲೆಯ ಮಣಿ ಕಳೆದುಕೊಂಡು ಮೂರು ಸಾವಿರ ವರ್ಷ ಒಬ್ಬನೇ ಅಲೆಯಬೇಕಾಯಿತು.

ಹೊರಗೆ ಮಳೆ ಇನ್ನೂ ಸುರಿಯುತ್ತಿತ್ತು. ದೊಡ್ಡವಳು ಆಟಕ್ಕೆ ಮರಳಿದಳು. "ನೀವು ಪಾಳೆಯದ ಬಾಗಿಲಲ್ಲಿ ಇದ್ದೀರಿ. ಎಲ್ಲರೂ ಮಲಗಿದ್ದಾರೆ. ಏನು ಮಾಡುತ್ತೀರಿ?"

ವೀರ ಸಣ್ಣವಳ ಮುಖ ನೋಡಿದ. ಆಮೇಲೆ ಅಜ್ಜನ ಮುಖ. "ಶಂಖ ಊದುತ್ತೇನೆ" ಎಂದ.

ದಾಳ ಹಾಕಿದ. 20ರ ದಾಳದಲ್ಲಿ ಬಿದ್ದದ್ದು 4. ಎದ್ದ ಶತ್ರುಗಳು ಅವನನ್ನು ಚೆನ್ನಾಗಿ ಹೊಡೆದರು. ಮಾಂತ್ರಿಕಳು ಉಳಿದಿದ್ದ ಒಂದೇ ಮಂತ್ರ ಖರ್ಚು ಮಾಡಿ ಅವನನ್ನು ಕಾಡಿಗೆ ಎಳೆದುಕೊಂಡು ಹೋದಳು. "ಆಗಲೇ ಹೊಡೆದಿದ್ದರೆ ಗೆಲ್ಲುತ್ತಿದ್ದೆ" ಎಂದು ಅವನು ಗೊಣಗಿದ. ಹಪ್ಪಳ ತಿನ್ನುವಾಗಲೂ ಗೊಣಗಿದ. ಆದರೆ ಜಡೆ ಹಿಡಿಯಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಅವನೇ ಕೇಳಿದ. "ಅಜ್ಜ, ನಾಳೆಯೂ ರಜೆ ಕೊಟ್ಟರೆ ವಾಲಿ ಮಾಡುವನಾ? ನಾನು ರಾಮ."

ಮಾವನವರು ಅನ್ನ ಕಲಸುವುದನ್ನು ನಿಲ್ಲಿಸಿದರು. ಎರಡು ವರ್ಷದಿಂದ ಆ ಹೆಸರನ್ನು ಮನೆಯಲ್ಲಿ ಯಾರೂ ಎತ್ತಿರಲಿಲ್ಲ.

"ರಾಮನ ಅರ್ಥ ಕಷ್ಟ ಮಾರಾಯ" ಎಂದರು. "ವಾಲಿ ಕೇಳುವುದಕ್ಕೆಲ್ಲ ಉತ್ತರ ಇಟ್ಟುಕೊಂಡು ಬಾ."

ಮರುದಿನವೂ ರಜೆ ಕೊಟ್ಟರು.