ಖೆಡ್ಡಾ ಕಟ್ಟಿದ ಬಗೆ

ಆನೆಯನ್ನು ಸಾಕಿ ಮರಿ ಮಾಡಿಸುವುದು ಎಂದೂ ಲಾಭದ ಬಾಬತ್ತಾಗಿರಲಿಲ್ಲ. ಹೆಣ್ಣಾನೆ ಗಬ್ಬ ಕಟ್ಟಿ ಈಯಲು ಸುಮಾರು 22 ತಿಂಗಳು ಬೇಕು. ಹುಟ್ಟಿದ ಮರಿ ದಿಮ್ಮಿ ಎಳೆಯುವಷ್ಟು ಬಲಿಯಬೇಕಾದರೆ ಹತ್ತು ಹದಿನೈದು ವರ್ಷ ಕಾಯಬೇಕು. ಬೆಳೆದ ಆನೆಯ ಮೇವು ದಿನಕ್ಕೆ 150 ಕಿಲೋ ದಾಟುತ್ತದೆ. ಈ ಲೆಕ್ಕ ಗೊತ್ತಿದ್ದವರು ಕಾಡು ತಾನೇ ಬೆಳೆಸಿಕೊಟ್ಟ ಆನೆಯನ್ನು ಹಿಡಿದು ತರುವುದೇ ಮೇಲೆಂದು ಬಗೆದರು. ಅರಮನೆಗೆ, ದೇವಸ್ಥಾನಕ್ಕೆ, ಸೈನ್ಯಕ್ಕೆ, ಮರ ಕಡಿಯುವ ಕೂಪುಗಳಿಗೆ ಆನೆ ಒದಗಿದ್ದು ಬಹುಮಟ್ಟಿಗೆ ಹೀಗೆಯೇ. ಕಲ್ಯಾಣದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಬರೆಸಿದ ‘ಮಾನಸೋಲ್ಲಾಸ’ದಲ್ಲೂ ಆನೆ ಹಿಡಿಯುವ ವಿಧಾನಗಳು ಬರುತ್ತವೆ.

ಮೈಸೂರು ಸೀಮೆಯಲ್ಲಿ ಮೊದಲಿನಿಂದ ನಡೆದು ಬಂದದ್ದು ಗುಂಡಿ ತೋಡುವ ಪದ್ಧತಿ. ಆನೆ ಓಡಾಡುವ ದಾರಿಯಲ್ಲಿ ಆಳದ ಗುಂಡಿ ತೆಗೆದು, ಮೇಲೆ ಗಳ ಹಾಸಿ, ಸೊಪ್ಪು ಮುಚ್ಚಿ ಕಾಯುವುದು. ಬಿದ್ದ ಆನೆಗೆ ಕಾಲು ಮುರಿಯುತ್ತಿತ್ತು, ಒಳಗೇ ಪೆಟ್ಟಾಗುತ್ತಿತ್ತು. ಕೈಗೆ ಸಿಕ್ಕಿದ್ದಕ್ಕಿಂತ ಕೆಟ್ಟುಹೋದದ್ದೇ ಹೆಚ್ಚು ಎನ್ನುವ ಸ್ಥಿತಿ. ಹಿಂಡಿಗೆ ಹಿಂಡನ್ನೇ ಅಟ್ಟಿ ಬೇಲಿಯೊಳಗೆ ಕೂಡುವ ಖೆಡ್ಡಾ ಬಂಗಾಳದ ಕಡೆ ನಡೆಯುತ್ತಿತ್ತು. ಇಲ್ಲಿ ಅದು ಕೈಹಿಡಿದಿರಲಿಲ್ಲ. ಹೈದರಾಲಿ ಕಾಕನಕೋಟೆಯ ಕಾಡಿನಲ್ಲಿ ತನ್ನ ಸೈನ್ಯವನ್ನೇ ಹಚ್ಚಿ ನೋಡಿ ಸೋತನೆಂದೂ, ಇನ್ನು ಯಾರೂ ಈ ಕೆಲಸಕ್ಕೆ ಕೈಹಾಕಬಾರದೆಂದು ಶಾಪ ಬರೆದ ಕಲ್ಲು ನೆಡಿಸಿದನೆಂದೂ ಪ್ರತೀತಿ.

ಹೈದರ್ ಕಾಲದಿಂದ ನೂರು ವರ್ಷ ಕಳೆದ ಮೇಲೆ, 1873ರಲ್ಲಿ, ಅದೇ ಸಾಹಸಕ್ಕೆ ಸರ್ಕಾರದ ಅನುಮತಿ ಕೇಳಿದವನು ಜಾರ್ಜ್ ಪೆರೆಸ್ ಸ್ಯಾಂಡರ್ಸನ್. ಸಂಸ್ಥಾನ ಆಗ ಬ್ರಿಟಿಷ್ ಕಮಿಷನರ ಆಡಳಿತದಲ್ಲಿತ್ತು. ಈತ ನೀರಾವರಿ ಕಾಲುವೆಗಳ ಅಧಿಕಾರಿ, ಇಪ್ಪತ್ತೈದರ ಆಸುಪಾಸಿನ ಹುಡುಗ. ತನಗಾಗಲಿ ತನ್ನ ಆಳುಗಳಿಗಾಗಲಿ ಆನೆ ಹಿಡಿದು ಗೊತ್ತಿರಲಿಲ್ಲವೆಂದು ಅವನೇ ಮುಂದೆ ಪುಸ್ತಕದಲ್ಲಿ ಒಪ್ಪಿಕೊಂಡಿದ್ದಾನೆ. ಆನೆ ಎಲ್ಲಿದೆ, ಹೇಗೆ ಬಾಳುತ್ತದೆ ಎಂಬುದು ಮಾತ್ರ ಗೊತ್ತಿತ್ತು. ಅದನ್ನು ಹೇಳಿಕೊಟ್ಟವರು ಬೆಟ್ಟದ ಬುಡದ ಹಳ್ಳಿಗರು ಮತ್ತು ಕಾಡಿನ ಜನ.

ಬಂಡವಾಳವೆಂದರೆ ಆ ತಿಳಿವಳಿಕೆಯೇ. ಆನೆ ಹಾರಲಾರದು, ನಾಲ್ಕೂ ಕಾಲನ್ನು ಒಟ್ಟಿಗೆ ನೆಲದಿಂದ ಎತ್ತುವ ಪ್ರಾಣಿ ಅದಲ್ಲ. ಅದರ ದಾಪುಗಾಲಿಗಿಂತ ಅಗಲವಾದ ಕಂದಕ ತೋಡಿದರೆ, ಎದುರು ದಡದ ಹಸಿರು ಕಣ್ಣಿಗೆ ಬಿದ್ದರೂ ದಾಟಲಾಗದು. ಮೇಲೆ ಅಗಲ, ತಳದಲ್ಲಿ ಕಿರಿದು, ಎರಡಾಳಿಗಿಂತ ಕೊಂಚ ಕಡಿಮೆ ಆಳ, ಇಷ್ಟೇ ಸಾಕು. ಇನ್ನು ಹಿಂಡಿಗೆ ತನ್ನದೇ ದಾರಿಗಳಿವೆ. ತಲೆಮಾರುಗಳಿಂದ ತುಳಿದು ಸವೆದ ಆ ಜಾಡು ಸುಲಭಕ್ಕೆ ಬದಲಾಗದು. ಮಳೆ ಬಿದ್ದು ಹೊಸ ಹುಲ್ಲು ಬಂದಾಗ ಎಲ್ಲಿಗೆ ಇಳಿಯುತ್ತದೆ, ಯಾವ ಹೊಳೆಯಲ್ಲಿ ನೀರು ಕುಡಿಯುತ್ತದೆ ಎಂದು ಬಲ್ಲವನು ಆನೆಯನ್ನು ಹುಡುಕಿಕೊಂಡು ಅಲೆಯಬೇಕಿಲ್ಲ, ಅದು ಬರುವಲ್ಲಿ ಕಾದರಾಯಿತು. ಬಿಳಿಗಿರಿರಂಗನ ಬೆಟ್ಟದಿಂದ ಮುಂಗಾರಿನಲ್ಲಿ ಹಿಂಡು ಇಳಿಯುತ್ತಿದ್ದ ಹೊನ್ನುಹೊಳೆಯ ಬಯಲನ್ನು ಸ್ಯಾಂಡರ್ಸನ್ ಆರಿಸಿದ್ದು ಅದಕ್ಕೇ.

ಮೊದಲ ಕೆಲಸ ಜಾಡುಗಾರರದು. ಲದ್ದಿಯ ಬಿಸಿ, ಮುರಿದ ಕೊಂಬೆಯಲ್ಲಿ ಆರದ ಹಾಲು, ಹೆಜ್ಜೆಯ ಅಂಚಿನ ಮಣ್ಣು ಒಣಗಿದೆಯೋ ಹಸಿಯಿದೆಯೋ, ಇಷ್ಟರಿಂದ ಹಿಂಡು ಎಷ್ಟು ಹೊತ್ತಿನ ಹಿಂದೆ ಹೋಯಿತೆಂದು ಅವರು ಹೇಳುತ್ತಾರೆ. ಆನೆಯ ಎತ್ತರವನ್ನೂ ಹೇಳಬಲ್ಲರು. ಮುಂಗಾಲಿನ ಹೆಜ್ಜೆಯ ಸುತ್ತಳತೆಯನ್ನು ದಾರದಿಂದ ಅಳೆದು ಎರಡರಿಂದ ಗುಣಿಸಿದರೆ ಭುಜದ ಎತ್ತರ ಸಿಗುತ್ತದೆ. ಬೆರಳೆರಡು ಬೆರಳಿನ ವ್ಯತ್ಯಾಸವಷ್ಟೇ. ಕಣ್ಣಿಗೆ ಕಾಣದ ಸರಕಿನ ಬೆಲೆ ಕಟ್ಟುವ ಅಳತೆಗೋಲು ಇದು.

ಹಿಂಡು ಇರುವ ಜಾಗ ಖಚಿತವಾದ ಮೇಲೆ ಸುತ್ತುಗಟ್ಟುವುದು. ನೂರಾರು ಆಳು ಎರಡು ಸಾಲಾಗಿ ಸದ್ದಿಲ್ಲದೆ ಹೊರಟು, ಮೈಲಿಗಟ್ಟಲೆ ಬಳಸಿ, ಆ ಕಡೆ ಹೋಗಿ ಕೂಡಿಕೊಳ್ಳುತ್ತಾರೆ. ನಡುನಡುವೆ ಇಬ್ಬಿಬ್ಬರ ಕಾವಲು, ರಾತ್ರಿಯಿಡೀ ಬೆಂಕಿ. ಈ ಉಂಗುರದಲ್ಲಿ ಒಬ್ಬ ತೂಕಡಿಸಿದರೆ ವಾರಗಳ ಶ್ರಮ ಅವನ ಪಕ್ಕದಿಂದಲೇ ನಡೆದುಹೋಗುತ್ತದೆ. ಒಳಗಿನ ಆನೆಗಳಿಗೆ ಮೇವು, ನೀರು, ನೆರಳು ಇರಬೇಕು. ಇಲ್ಲದಿದ್ದರೆ ಅವು ಬೆಂಕಿಗೂ ಹೆದರುವುದಿಲ್ಲ.

ಹಿಂಡು ಅಲ್ಲೇ ತಂಗಿರುವಾಗ ಒಳಗಿನ ದೊಡ್ಡಿ ಏಳುತ್ತದೆ. ಜಾಗ ಆನೆಗಳು ತುಳಿದ ದಾರಿಯ ಮೇಲೆಯೇ. ದಪ್ಪ ಮರಗಳನ್ನು ಒತ್ತೊತ್ತಾಗಿ ಹೂತು, ಅಡ್ಡಮರ ಬಿಗಿದು, ಹೊರಗಿನಿಂದ ಊರೆ ಕೊಟ್ಟು ನಿಲ್ಲಿಸಿದ ಗೋಡೆ ಅದು. ಬಾಗಿಲಿನಿಂದ ಎರಡು ಬೇಲಿಗಳು ತೋಳು ಚಾಚಿದಂತೆ ಹೊರಕ್ಕೆ ಅಗಲವಾಗುತ್ತ ಹೋಗುತ್ತವೆ. ಕಡಿದ ಮರದ ಬಿಳಿ ತಿರುಳು ಕಾಣದಂತೆ ಎಲ್ಲಕ್ಕೂ ಹಸಿ ಸೊಪ್ಪಿನ ಮರೆ. ಮರದ ತೊಲೆಗಳ ಬಾಗಿಲು ಮೇಲೆ ತೂಗುತ್ತಿರುತ್ತದೆ, ಅದನ್ನು ಹಿಡಿದಿರುವುದು ಒಂದು ಹಗ್ಗ. ಮರದ ಮೇಲೆ ಕತ್ತಿ ಹಿಡಿದು ಕೂತವನು ಕೆಮ್ಮುವಂತೆಯೂ ಇಲ್ಲ.

ಅಟ್ಟುವ ದಿನ ಗದ್ದಲವೇ ಆಯುಧ. ತಮಟೆ, ಕೊಂಬು, ಹುಸಿ ಗುಂಡು. ಆದರೆ ಗದ್ದಲಕ್ಕೂ ಹದವಿದೆ. ಮೊದಲೇ ಜೋರಾದರೆ ಹಿಂಡು ತಿರುಗಿ ಆಳುಗಳ ಮೇಲೆಯೇ ನುಗ್ಗುತ್ತದೆ; ತೋಳಿನೊಳಗೆ ಬಂದ ಮೇಲೆ ತಡವಾದರೆ ಮುಂದಿನ ಹೆಣ್ಣಾನೆ ಅನುಮಾನಪಟ್ಟು ನಿಲ್ಲುತ್ತದೆ. ಹಿಂಡು ಅವಳು ಹೋದಲ್ಲಿಗೆ ಹೋಗುತ್ತದೆ. ಅವಳು ಬಾಗಿಲು ದಾಟಿದಳೆಂದರೆ ಉಳಿದವು ಒಂದನ್ನೊಂದು ತಳ್ಳಿಕೊಂಡು ಒಳಗೆ ಬರುತ್ತವೆ. ಕೊನೆಯದರ ಬಾಲ ಸರಿದೊಡನೆ ಹಗ್ಗಕ್ಕೆ ಕತ್ತಿ. 1874ರ ಜೂನ್‌ನಲ್ಲಿ ಹೀಗೆ 50ಕ್ಕೂ ಹೆಚ್ಚು ಆನೆಗಳು ಸ್ಯಾಂಡರ್ಸನ್‌ನ ಸುತ್ತಿಗೆ ಸಿಕ್ಕವು.

ಕಸುಬಿನ ಸೂಕ್ಷ್ಮವೆಲ್ಲ ಇನ್ನು ಮುಂದೆ. ದೊಡ್ಡಿಯೊಳಗೆ ಕಾಡಾನೆಗಳು ಬೆದರಿ ಗುಂಪುಗೂಡಿ ನಿಂತಿರುವಾಗ ಪಳಗಿದ ಆನೆಗಳನ್ನು ಒಳಗೆ ಬಿಡುತ್ತಾರೆ. ಇವೇ ಕುಮ್ಕಿಗಳು. ಕತ್ತಿನ ಮೇಲೆ ಮಾವುತ, ಅವನ ಹಿಂದೆ ಹಗ್ಗ ಹಾಕುವವನು. ಇಬ್ಬರೂ ಕಾಡಾನೆಯ ಸೊಂಡಿಲಿಗೆ ಕೈಯಳತೆಯಲ್ಲೇ ಇರುತ್ತಾರೆ, ಆದರೂ ಆನೆಯ ಮೇಲೆ ಕೂತ ಮನುಷ್ಯನನ್ನು ಅದು ಕೆಳಗೆಳೆಯುವುದು ತೀರ ಅಪರೂಪ. ಅದೇ ಮನುಷ್ಯ ನೆಲಕ್ಕೆ ಇಳಿದರೆ ಮಾತು ಬೇರೆ. ಇಳಿಯಲೇಬೇಕಲ್ಲ.

ಎರಡು ಕುಮ್ಕಿಗಳು ಒಂದು ಕಾಡಾನೆಯನ್ನು ಎರಡು ಪಕ್ಕೆಯಿಂದ ಒತ್ತಿ ಹಿಂಡಿನಿಂದ ಬೇರೆ ಮಾಡುತ್ತವೆ. ಮೂರನೆಯದು ಹಿಂದೆ ಬಂದು ನಿಲ್ಲುತ್ತದೆ. ಹಗ್ಗದವನು ಅದರ ಮೈಮೇಲಿಂದ ಜಾರಿ, ಅದರ ಮುಂಗಾಲುಗಳ ಆಸರೆಯಲ್ಲಿ ಕುಕ್ಕರು ಕೂತು, ಕಾಡಾನೆಯ ಹಿಂಗಾಲಿಗೆ ಕುಣಿಕೆ ತೊಡಿಸುತ್ತಾನೆ. ಕಾಡಾನೆ ಹೆಜ್ಜೆ ಬದಲಿಸಲು ಕಾಲೆತ್ತಬೇಕು, ಆ ಒಂದು ಗಳಿಗೆಯಲ್ಲಿ ಹಗ್ಗ ಒಳಗೆ ಹೋಗಬೇಕು. ಎರಡೂ ಹಿಂಗಾಲನ್ನು ಎಂಟರ ಅಂಕಿಯಂತೆ ಸುತ್ತಿ ಬಿಗಿದ ಮೇಲೆ ಉದ್ದದ ಹಗ್ಗವನ್ನು ಮರಕ್ಕೆ. ಕಾಡಾನೆ ಒದೆಯಲು ನೋಡಿದರೆ ಕುಮ್ಕಿ ತಾನೇ ಮೈ ಅಡ್ಡ ಕೊಡುತ್ತದೆ. ಒಂದು ಕಾಲದಲ್ಲಿ ಈ ಕುಮ್ಕಿಯೂ ಇದೇ ಕುಣಿಕೆಗೆ ಸಿಕ್ಕಿದ್ದೇ ಆಗಿರುತ್ತದೆ ಎಂಬುದನ್ನು ನೆನೆದರೆ ಮೆಚ್ಚುವುದೋ ಮರುಗುವುದೋ ತಿಳಿಯದು.

ಹಗ್ಗದ ಗಾಯ ಈ ಉದ್ಯಮದ ದೊಡ್ಡ ನಷ್ಟ. ಆನೆಯ ಚರ್ಮ ದಪ್ಪವೆಂಬುದು ಹೊರನೋಟದ ಮಾತು. ಜಗ್ಗಾಡಿದರೆ ಹಗ್ಗ ಮಾಂಸಕ್ಕಿಳಿಯುತ್ತದೆ, ಕೀವಾಗುತ್ತದೆ. ಅನುಭವಿಗಳು ಗಂಟಿನ ಜಾಗ ಬದಲಿಸುತ್ತ, ಗಾಯಕ್ಕೆ ಔಷಧಿ ಹಚ್ಚುತ್ತ, ದಿನವೂ ಕುಮ್ಕಿಗಳ ನಡುವೆ ಹೊಳೆಗೆ ಒಯ್ಯುತ್ತಿದ್ದರು. ಪಳಗಿಸುವುದು ಕೈಯ ಸ್ಪರ್ಶದಿಂದ. ಮೊದಲು ಉದ್ದನೆಯ ಬಿದಿರುಕೋಲಿನಿಂದ ಮೈ ಸವರುವುದು, ಜೊತೆಗೆ ಹಾಡು. ಕೋಲು ದಿನದಿನಕ್ಕೆ ಮೋಟಾಗುತ್ತ ಕೊನೆಗೆ ಅಂಗೈಯೇ ಮುಟ್ಟುತ್ತದೆ. ಕಬ್ಬಿನ ತುಂಡು ಕೈಯಿಂದಲೇ ಸಿಗುತ್ತದೆಂದು ಆನೆ ಕಲಿಯುತ್ತದೆ. ಕೆಲವೇ ತಿಂಗಳಲ್ಲಿ ಮಾವುತ ಕತ್ತಿನ ಮೇಲೆ ಕೂರುತ್ತಾನೆ.

ಹಿಡಿದ ಆನೆಗಳ ಮಾರಾಟದಿಂದ ಖರ್ಚು ಕಳೆದು ಲಾಭವೇ ಉಳಿಯಿತು. ಮುಂದೆ ಸರ್ಕಾರ ಸ್ಯಾಂಡರ್ಸನ್‌ನನ್ನು ಬಂಗಾಳದ ಢಾಕಾ ಖೆಡ್ಡಾಗಳಿಗೂ ಕಳುಹಿಸಿತು. ಲೆಕ್ಕದ ಪುಸ್ತಕದಲ್ಲಿ ಹೆಸರು ಅವನದು. ಉಂಗುರ ಹಿಡಿದ ಹಳ್ಳಿಗರು, ಜಾಡು ಓದಿದ ಕುರುಬರು, ಕುಮ್ಕಿಯ ಕಾಲಡಿಯಲ್ಲಿ ಕೂತ ಹಗ್ಗದವರು, ಇವರ ಹೆಸರು ಹುಡುಕಿದರೆ ಸಿಗುವುದು ಕಷ್ಟ.

ಬರಬರುತ್ತ ಮೈಸೂರಿನ ಖೆಡ್ಡಾ ಕಾಕನಕೋಟೆಗೆ, ಕಬಿನಿಯ ದಡಕ್ಕೆ ಬಂದು ನೆಲೆಸಿತು. ಹಿಂಡನ್ನು ಹೊಳೆಗೆ ಇಳಿಸಿ ಈಜಿಸಿ ದೊಡ್ಡಿಗೆ ಹೊಗಿಸುವ ಪದ್ಧತಿ ಹುಟ್ಟಿತು. ವೈಸ್‌ರಾಯರಿಗೂ ರಾಜಕುಮಾರರಿಗೂ ಅದೊಂದು ದೊಡ್ಡ ತಮಾಷೆಯಾಯಿತು. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಮರುವರ್ಷ ವನ್ಯಜೀವಿ ಕಾಯ್ದೆ ಬಂತು, ಬಳಿಕ ಕಬಿನಿ ಜಲಾಶಯದ ನೀರು ಆ ತಾಣಗಳನ್ನು ನುಂಗಿತು.

ಖೆಡ್ಡಾ ನಿಂತರೂ ಕುಮ್ಕಿಯ ಕೆಲಸ ನಿಲ್ಲಲಿಲ್ಲ. ಈಗ ಊರಿಗೆ ನುಗ್ಗುವ ಒಂಟಿ ಸಲಗವನ್ನು ಅರಿವಳಿಕೆಯ ಚುಚ್ಚುಮದ್ದಿನಿಂದ ಮಂಕಾಗಿಸುತ್ತಾರೆ. ಆಮೇಲೆ ಅದನ್ನು ಒತ್ತಿ ಹಿಡಿದು, ಕಾಲಿಗೆ ಹಗ್ಗ ಹಾಕಿಸಿ, ಲಾರಿಗೆ ಏರಿಸುವವು ಮತ್ತಿಗೋಡು, ದುಬಾರೆ ಶಿಬಿರಗಳ ಆನೆಗಳೇ. ಎಂಟು ದಸರಾಗಳಲ್ಲಿ ಚಿನ್ನದ ಅಂಬಾರಿ ಹೊತ್ತ ಅರ್ಜುನ 1968ರಲ್ಲಿ ಕಾಕನಕೋಟೆಯ ಖೆಡ್ಡಾದಲ್ಲಿ ಸಿಕ್ಕ ಆನೆ. 2023ರ ಡಿಸೆಂಬರ್‌ನಲ್ಲಿ ಸಕಲೇಶಪುರದ ಕಡೆ ಇಂಥದೇ ಕಾರ್ಯಾಚರಣೆಯಲ್ಲಿ ಕಾಡಾನೆಯೊಂದು ತಿರುಗಿಬಿದ್ದಾಗ, ಅದರೊಡನೆ ಕಾದಾಡಿ ಅವನು ಸತ್ತ.