ಒಂದು ಸುಳ್ಳು, ಎರಡು ಸಿನಿಮಾ

'ಬೆನ್ ಹರ್', 'ರೋಮನ್ ಹಾಲಿಡೇ' ಚಿತ್ರಗಳ ನಿರ್ದೇಶಕ ವಿಲಿಯಂ ವೈಲರ್ ಒಂದೇ ನಾಟಕವನ್ನು ಇಪ್ಪತ್ತೈದು ವರ್ಷಗಳ ಅಂತರದಲ್ಲಿ ಎರಡು ಸಲ ಸಿನಿಮಾ ಮಾಡಿದರು. ಸಲಿಂಗ ಪ್ರೇಮದ ಕತೆಗಳನ್ನು ಬೆಳ್ಳಿತೆರೆ ಹೇಗೆ ನಡೆಸಿಕೊಂಡಿತು ಎಂಬುದಕ್ಕೆ ಈ ಜೋಡಿಗಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ.

ನಾಟಕದ ಹೆಸರು 'ದಿ ಚಿಲ್ಡ್ರನ್ಸ್ ಅವರ್', ಬರೆದವರು ಲಿಲಿಯನ್ ಹೆಲ್‌ಮನ್. 1934ರಲ್ಲಿ ನ್ಯೂಯಾರ್ಕಿನಲ್ಲಿ ರಂಗವೇರಿದ ಅದು 691 ಪ್ರದರ್ಶನ ಕಂಡಿತು. ಕರೆನ್ ಮತ್ತು ಮಾರ್ಥಾ ಎಂಬ ಗೆಳತಿಯರು ಹುಡುಗಿಯರ ಶಾಲೆಯೊಂದನ್ನು ನಡೆಸುತ್ತಿರುತ್ತಾರೆ. ಶಿಕ್ಷೆಗೊಳಗಾದ ಹುಡುಗಿಯೊಬ್ಬಳು ಅವರಿಬ್ಬರ ನಡುವೆ ಸಂಬಂಧವಿದೆಯೆಂದು ಅಜ್ಜಿಯ ಕಿವಿಯಲ್ಲಿ ಊದುತ್ತಾಳೆ. ನೋಡನೋಡುತ್ತಿದ್ದಂತೆ ಶಾಲೆ ಬರಿದಾಗುತ್ತದೆ. ಎಲ್ಲ ಮುಗಿದ ಮೇಲೆ, ತನ್ನ ಮಟ್ಟಿಗೆ ಆ ಸುಳ್ಳಿನಲ್ಲಿ ನಿಜವೂ ಇತ್ತೆಂದು ಮಾರ್ಥಾಳಿಗೆ ಹೊಳೆಯುತ್ತದೆ. ಆಕೆ ಪ್ರಾಣ ಕಳೆದುಕೊಳ್ಳುತ್ತಾಳೆ.

ಇದು ಬರೀ ಕಲ್ಪನೆಯಲ್ಲ. 1810ರಲ್ಲಿ ಎಡಿನ್‌ಬರೋದ ಮೇರಿಯನ್ ವುಡ್ಸ್, ಜೇನ್ ಪಿರೀ ಎಂಬ ಇಬ್ಬರು ಶಿಕ್ಷಕಿಯರ ಮೇಲೆ ಇಂಥದೇ ಆರೋಪ ಬಂದಿತ್ತು. ದೂರು ಹೇಳಿದ ವಿದ್ಯಾರ್ಥಿನಿ ಜೇನ್ ಕಮಿಂಗ್ ಸ್ಕಾಟಿಷ್ ತಂದೆಗೂ ಭಾರತೀಯ ತಾಯಿಗೂ ಹುಟ್ಟಿದವಳು. ಇಂಥ ಸಂಗತಿ ಬ್ರಿಟಿಷ್ ಹುಡುಗಿಗೆ ಹೊಳೆಯುವಂಥದಲ್ಲ, ಇವಳು ಭಾರತದಲ್ಲಿ ಕಲಿತು ಬಂದಿರಬೇಕು ಎಂಬ ವಾದವೂ ಕೋರ್ಟಿನಲ್ಲಿ ನಡೆಯಿತು! ಹೆಲ್‌ಮನ್ ಈ ಭಾರತೀಯ ಎಳೆಯನ್ನು ಕೈಬಿಟ್ಟರು. ಇನ್ನೊಂದನ್ನೂ ಬದಲಿಸಿದರು. ನಿಜದ ಶಿಕ್ಷಕಿಯರು ಸಾಯಲಿಲ್ಲ. ವರ್ಷಗಟ್ಟಲೆ ಕೋರ್ಟು ಅಲೆದು 1819ರಲ್ಲಿ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಗೆದ್ದರು.

ನಾಟಕ ಹಾಲಿವುಡ್‌ಗೆ ಬಂದಾಗ ಅಲ್ಲಿ ಹೇಸ್ ಸಂಹಿತೆಯ ಆಳ್ವಿಕೆ. ನಿರ್ಮಾಪಕರು ತಾವೇ ಹಾಕಿಕೊಂಡಿದ್ದ ಈ ನಿಯಮಾವಳಿ 1934ರಿಂದ ಬಿಗಿಯಾಗಿತ್ತು. ಸಲಿಂಗ ಪ್ರೇಮದ ಸುಳಿವೂ ಕೂಡದು ಎನ್ನುತ್ತಿತ್ತು. ಹೆಲ್‌ಮನ್ ಅವರೇ ಚಿತ್ರಕತೆ ತಿದ್ದಿಕೊಟ್ಟರು. 1936ರಲ್ಲಿ 'ದೀಸ್ ತ್ರೀ' ಎಂಬ ಬೇರೆ ಹೆಸರಿನಲ್ಲಿ ಬಂದ ಚಿತ್ರದಲ್ಲಿ ಮಾರ್ಥಾ ಪ್ರೀತಿಸುವುದು ಕರೆನ್‌ಳನ್ನಲ್ಲ, ಕರೆನ್ ಮದುವೆಯಾಗಬೇಕಿದ್ದ ಡಾಕ್ಟರನ್ನು. ಗಮನಿಸಬೇಕಾದ್ದೆಂದರೆ, ಈ ಮಾರ್ಥಾ ಸಾಯುವುದಿಲ್ಲ. (ಕರೆನ್ ಪಾತ್ರ ಮಾಡಿದ ಮರ್ಲ್ ಒಬೆರಾನ್ ಮುಂಬಯಿಯಲ್ಲಿ ಹುಟ್ಟಿ, ಟಾಸ್ಮೇನಿಯಾದವಳೆಂದು ಹೇಳಿಕೊಂಡು ಬಾಳಿದವರು. ಮುಚ್ಚಿಡಬೇಕಾದ ಸಂಗತಿಗಳಿಗೆ ಆ ಊರಿನಲ್ಲಿ ಕೊರತೆಯಿರಲಿಲ್ಲ.)

1961ರ ಅಕ್ಟೋಬರಿನಲ್ಲಿ ಸಂಹಿತೆ ತುಸು ಸಡಿಲವಾಯಿತು. ಸಂಯಮದಿಂದ ತೋರಿಸುವುದಾದರೆ ಅಡ್ಡಿಯಿಲ್ಲ ಎಂದಾಯಿತು. ಆ ವರ್ಷದ ಕೊನೆಗೆ ವೈಲರ್ ಮೂಲ ಹೆಸರಿನಲ್ಲೇ ನಾಟಕವನ್ನು ಮರಳಿ ತೆರೆಗೆ ತಂದರು. ಕರೆನ್ ಆಗಿ ಆಡ್ರಿ ಹೆಪ್‌ಬರ್ನ್, ಮಾರ್ಥಾ ಆಗಿ ಶರ್ಲಿ ಮೆಕ್ಲೇನ್. ಹಿಂದೆ ಮಾರ್ಥಾ ಆಗಿದ್ದ ಮಿರಿಯಂ ಹಾಪ್ಕಿನ್ಸ್ ಈಗ ಮಾರ್ಥಾಳ ಅತ್ತೆ. ತನ್ನ ಪ್ರೀತಿಯನ್ನು ಗೆಳತಿಯ ಮುಂದೆ ಮಾರ್ಥಾ ಒಪ್ಪಿಕೊಳ್ಳುವ ದೃಶ್ಯದಲ್ಲಿ ಮೆಕ್ಲೇನ್ ಅಭಿನಯ ಇವತ್ತಿಗೂ ಕರುಳು ಹಿಂಡುತ್ತದೆ. ಆದರೆ ಚಿತ್ರಕ್ಕೆ ಆ ಮಾತಿನ ಮುಂದೇನೆಂದು ತಿಳಿಯದು. ಅವಸರವಸರವಾಗಿ ಆಕೆಯನ್ನು ನೇಣಿಗೆ ಕಳಿಸಿ ಕೈತೊಳೆದುಕೊಳ್ಳುತ್ತದೆ. ಪುರುಷನನ್ನು ಪ್ರೀತಿಸಿದ ಮಾರ್ಥಾಗೆ ಬದುಕು, ಹೆಣ್ಣನ್ನು ಪ್ರೀತಿಸಿದ ಮಾರ್ಥಾಗೆ ಹಗ್ಗ. ಚಿತ್ರೀಕರಣದ ದಿನಗಳಲ್ಲಿ ಆ ವಿಷಯವನ್ನು ಯಾರೂ ಮಾತಾಡಲೇ ಇಲ್ಲವೆಂದು ಮೆಕ್ಲೇನ್ 1995ರ 'ದಿ ಸೆಲ್ಯುಲಾಯ್ಡ್ ಕ್ಲಾಸೆಟ್' ಸಾಕ್ಷ್ಯಚಿತ್ರದಲ್ಲಿ ನೆನೆದಿದ್ದಾರೆ.

ಕಾಲವೇ ಹಾಗಿತ್ತು ಎಂಬ ಸಮಾಧಾನ ಇಲ್ಲಿ ಪೂರ್ತಿ ನಿಲ್ಲದು. ವೈಲರ್ ಚಿತ್ರಕ್ಕೆ ಒಂಬತ್ತು ವರ್ಷ ಮೊದಲೇ, 1952ರಲ್ಲಿ, ಪೆಟ್ರಿಷಿಯಾ ಹೈಸ್ಮಿತ್ 'ದಿ ಪ್ರೈಸ್ ಆಫ್ ಸಾಲ್ಟ್' ಕಾದಂಬರಿ ಬರೆದಿದ್ದರು. ಅಂಗಡಿಯಲ್ಲಿ ಕೆಲಸ ಮಾಡುವ ಯುವತಿ ತೆರೀಸ್, ಗಂಡನಿಂದ ದೂರವಾಗುತ್ತಿರುವ ಕ್ಯಾರಲ್ ಪ್ರೀತಿಸುತ್ತಾರೆ, ಇಬ್ಬರೂ ಸಾಯುವುದಿಲ್ಲ. ಅಂಜಿಕೆ ಇರಲಿಲ್ಲವೆಂದಲ್ಲ: ಪುಸ್ತಕ ಬಂದದ್ದು ಕ್ಲೇರ್ ಮಾರ್ಗನ್ ಎಂಬ ಸುಳ್ಳು ಹೆಸರಿನಲ್ಲಿ. ಕಾಗದದ ಮೇಲೆ ಆಗ ಸಾಧ್ಯವಾದದ್ದು ತೆರೆಗೆ ಬರಲು 2015 ಆಗಬೇಕಾಯಿತು. ಟಾಡ್ ಹೇನ್ಸ್ ನಿರ್ದೇಶನದ 'ಕ್ಯಾರಲ್' ಸುಖದ ಕತೆಯೇನಲ್ಲ. ಮಗಳು ತನ್ನೊಂದಿಗಿರಬೇಕೆಂಬ ಹಕ್ಕನ್ನು ಕ್ಯಾರಲ್ ಬಿಟ್ಟುಕೊಡಬೇಕಾಗುತ್ತದೆ. ಆದರೂ ಆಕೆ ವಕೀಲರ ಎದುರು ಕೂತು, ತಾನು ಇರುವುದೇ ಹೀಗೆ ಎಂಬುದನ್ನು ಅಲ್ಲಗಳೆಯದೆ ಮಾತಾಡುತ್ತಾಳೆ. ಕೊನೆಯಲ್ಲಿ ತುಂಬಿದ ಹೋಟೆಲಿನ ಮೇಜುಗಳ ನಡುವೆ ತೆರೀಸ್ ನಡೆದು ಬರುತ್ತಾಳೆ. ಕ್ಯಾರಲ್ ತಲೆಯೆತ್ತಿ ನೋಡುತ್ತಾಳೆ. ಮುಖದಲ್ಲಿ ನಗೆ ಇನ್ನೂ ಪೂರ್ತಿ ಅರಳಿರುವುದಿಲ್ಲ, ಅಷ್ಟರಲ್ಲಿ ಚಿತ್ರ ಮುಗಿಯುತ್ತದೆ.