ಕಿಟಕಿ ಕೇಳುವ ಆಂಟೆನಾ, ಗೋಡೆ ಕೇಳುವ ಸ್ಪೀಕರ್

ಹದಿನೈದಿಪ್ಪತ್ತು ವರ್ಷಗಳ ಹಿಂದೆ ಬೆಂಗಳೂರಿನ ಎಷ್ಟೋ ಮನೆಗಳ ಕಿಟಕಿಯಲ್ಲಿ ಅಂಗೈಯಗಲದ ಚಪ್ಪಟೆ ಹಲಗೆಯೊಂದು ಆಕಾಶಕ್ಕೆ ಮುಖಮಾಡಿ ಕೂತಿರುತ್ತಿತ್ತು. ಅದು ವರ್ಲ್ಡ್‌ಸ್ಪೇಸ್ ಎಂಬ ಉಪಗ್ರಹ ರೇಡಿಯೊದ ಆಂಟೆನಾ. ನಮ್ಮ ಮನೆಯಲ್ಲೂ ಒಂದಿತ್ತು. ಕರ್ನಾಟಕ ಸಂಗೀತಕ್ಕೆ ಶ್ರುತಿ, ಹಿಂದೂಸ್ತಾನಿಗೆ ಗಾಂಧರ್ವ, ಕನ್ನಡ ಹಾಡುಗಳಿಗೆ ಸ್ಪರ್ಶ ಎಂದು ಒಂದೊಂದಕ್ಕೂ ಒಂದು ವಾಹಿನಿ. ಕರಕರ ಸದ್ದಿಲ್ಲ, ಊರು ದಾಟಿದರೂ ಸ್ಟೇಷನ್ ಕಳೆದುಹೋಗುವುದಿಲ್ಲ. ತೊಂದರೆ ಒಂದೇ. ಅಪ್ಪನ ಆರಾಮಕುರ್ಚಿ ಇದ್ದದ್ದು ನಡುಮನೆಯಲ್ಲಿ, ಸಿಗ್ನಲ್ ಸಿಗುತ್ತಿದ್ದದ್ದು ಮಲಗುವ ಕೋಣೆಯ ಕಿಟಕಿಯಲ್ಲಿ. ರೇಡಿಯೊ ಕುರ್ಚಿಯ ಹತ್ತಿರ ಬಂದರೆ ಮೂಕ, ಕಿಟಕಿಗೆ ಹೋದರೆ ಅಪ್ಪನಿಗೆ ಕೇಳಿಸದು.

ಉಪಗ್ರಹ ರೇಡಿಯೊಗೆ ಸ್ಪೀಕರ್ ಆರಿಸುವ ಕಷ್ಟವೆಲ್ಲ ಇಷ್ಟರಲ್ಲೇ ಇದೆ. ಅದು ಹೊರನೋಟಕ್ಕೆ ಒಂದು ಪೆಟ್ಟಿಗೆ, ಒಳಗೆ ಎರಡು ಯಂತ್ರ. ಒಂದಕ್ಕೆ ಆಕಾಶ ಕಾಣಬೇಕು, ಇನ್ನೊಂದಕ್ಕೆ ಕಿವಿ ಹತ್ತಿರವಿರಬೇಕು.

ಮೊದಲು ಆಕಾಶದ ಕಡೆ ನೋಡೋಣ. ಇಥಿಯೋಪಿಯದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ನೋವಾ ಸಮಾರಾ 1990ರಲ್ಲಿ ವರ್ಲ್ಡ್‌ಸ್ಪೇಸ್ ಸ್ಥಾಪಿಸಿದರು. ಆಫ್ರಿಕಕ್ಕೆಂದು ಆಫ್ರಿಸ್ಟಾರ್ 1998ರಲ್ಲಿ, ಏಷ್ಯಕ್ಕೆಂದು ಏಷ್ಯಾಸ್ಟಾರ್ 2000ದ ಮಾರ್ಚ್‌ನಲ್ಲಿ ಕಕ್ಷೆ ಸೇರಿದವು. ಏಷ್ಯಾಸ್ಟಾರ್ ಇದ್ದದ್ದು 105 ಡಿಗ್ರಿ ಪೂರ್ವ ರೇಖಾಂಶದ ನೇರಕ್ಕೆ, ಸಮಭಾಜಕದ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ. ಬೆಂಗಳೂರಿನಲ್ಲಿ ನಿಂತು ಲೆಕ್ಕ ಹಾಕಿದರೆ ಅದು ಪೂರ್ವದಿಂದ ಸ್ವಲ್ಪ ಆಗ್ನೇಯಕ್ಕೆ ವಾಲಿದ ದಿಕ್ಕಿನಲ್ಲಿ, ದಿಗಂತದಿಂದ ಸುಮಾರು 55 ಡಿಗ್ರಿ ಮೇಲೆ ಬರುತ್ತದೆ. ಬೆಳಗಿನ ಹತ್ತು ಗಂಟೆಯ ಸೂರ್ಯನನ್ನು ನೆನೆದುಕೊಂಡರೆ ಹೆಚ್ಚುಕಡಿಮೆ ಆ ಜಾಗವೇ. ಬರೀ ಪಶ್ಚಿಮಕ್ಕೆ ಕಿಟಕಿಗಳಿದ್ದ ಮನೆಯವರು ತಾರಸಿಗೆ ತಂತಿ ಎಳೆಯಬೇಕಾಗುತ್ತಿತ್ತು.

ಅಷ್ಟು ದೂರದಿಂದ ಬರುವ ಅಲೆ ಬಹಳ ಕ್ಷೀಣ. ವರ್ಲ್ಡ್‌ಸ್ಪೇಸ್ ಬಳಸಿದ್ದು ಎಲ್ ಬ್ಯಾಂಡ್, ಅಂದರೆ 1467ರಿಂದ 1492 ಮೆಗಾಹರ್ಟ್ಸ್‌ವರೆಗಿನ ಪಟ್ಟಿ. ಇಲ್ಲಿನ ಅಲೆಯುದ್ದ ಒಂದು ಗೇಣಿನಷ್ಟು, ಸುಮಾರು 20 ಸೆಂಟಿಮೀಟರ್. ಮಳೆ ಮೋಡಗಳನ್ನು ಇದು ಲೆಕ್ಕಿಸುವುದಿಲ್ಲ, ಕಿಟಕಿಯ ಗಾಜನ್ನೂ ದಾಟುತ್ತದೆ. ಆದರೆ ಕಬ್ಬಿಣ ಹೆಣೆದ ಕಾಂಕ್ರೀಟಿನೆದುರು ಸೋಲುತ್ತದೆ. ಅದಕ್ಕೇ ಮೋಲ್ಡ್ ಹಾಕಿದ ತಾರಸಿಯ ಕೆಳಗೆ, ನಡುಮನೆಯ ಮಧ್ಯದಲ್ಲಿ, ರೇಡಿಯೊ ಮೂಕವಾಗುತ್ತಿದ್ದದ್ದು.

ಅಮೆರಿಕದವರು ಇದಕ್ಕೆ ಬೇರೆ ದಾರಿ ಕಂಡುಕೊಂಡರು. ಅಲ್ಲಿ ಎಕ್ಸ್‌ಎಂ 2001ರಲ್ಲಿ, ಸಿರಿಯಸ್ 2002ರಲ್ಲಿ ಶುರುವಾದವು. 2008ರಲ್ಲಿ ಎರಡೂ ಒಂದಾಗಿ ಸಿರಿಯಸ್ ಎಕ್ಸ್‌ಎಂ ಆಯಿತು. ಎತ್ತರದ ಕಟ್ಟಡಗಳ ಊರುಗಳಲ್ಲಿ ಉಪಗ್ರಹದ ಹಾಡನ್ನೇ ಮತ್ತೆ ಪ್ರಸಾರ ಮಾಡುವ ಗೋಪುರಗಳನ್ನು ನಿಲ್ಲಿಸಿದರು. ನನಗೆ ತುಂಬ ಹಿಡಿಸಿದ್ದು ಇನ್ನೊಂದು ಉಪಾಯ. ಒಂದೇ ಹಾಡನ್ನು ಎರಡು ಸಲ, ಸುಮಾರು ನಾಲ್ಕು ಸೆಕೆಂಡಿನ ಅಂತರದಲ್ಲಿ ಕಳಿಸುತ್ತಾರೆ. ರೇಡಿಯೊ ಮುಂಚೆ ಬಂದದ್ದನ್ನು ನೆನಪಿನಲ್ಲಿಟ್ಟುಕೊಂಡು ಕಾಯುತ್ತದೆ. ಕಾರು ಸೇತುವೆಯ ಅಡಿಯಲ್ಲಿ ಎರಡು ಸೆಕೆಂಡು ಮರೆಯಾದರೆ, ಒಂದರಲ್ಲಿ ತಪ್ಪಿದ ತುಣುಕು ಇನ್ನೊಂದರಲ್ಲಿ ಸಿಗುತ್ತದೆ. ಕೇಳುವವರಿಗೆ ತಾಳ ತಪ್ಪುವುದಿಲ್ಲ. ಆದರೆ ಇದು ಓಡುವ ಕಾರಿಗಾಗಿ ಮಾಡಿದ ಏರ್ಪಾಟು. ಗೋಡೆಯ ಹಿಂದೆ ಕದಲದೆ ಕೂತ ರೇಡಿಯೊಗೆ ನಾಲ್ಕು ಸೆಕೆಂಡು ಕಳೆದರೂ ಗೋಡೆ ಅಡ್ಡವೇ ಇರುತ್ತದೆ. ಗೋಪುರ ದೂರವಿರುವ ಊರುಗಳಲ್ಲಿ, ಅಮೆರಿಕದ ಮನೆಯಲ್ಲೂ, ದಕ್ಷಿಣದ ಆಕಾಶ ಕಾಣುವ ಕಿಟಕಿಯನ್ನು ಹುಡುಕಲೇಬೇಕು.

ಇನ್ನು ಎರಡನೆಯ ಯಂತ್ರ, ಸ್ಪೀಕರ್. ಇದಕ್ಕೆ ಕಿಟಕಿ ಅಷ್ಟಾಗಿ ಒಗ್ಗದು. ತೆರೆದ ಕಿಟಕಿಯಲ್ಲಿಟ್ಟರೆ ಮಂದ್ರದ ನಾದ ಹೊರಗೆ ಹರಿದುಹೋಗುತ್ತದೆ. ಅದೇ ಸ್ಪೀಕರನ್ನು ಗಟ್ಟಿ ಗೋಡೆಗೆ ಹತ್ತಿರ ಸರಿಸಿ ನೋಡಿ, ತಗ್ಗಿನ ಸ್ವರಗಳು ತಟ್ಟನೆ ತುಂಬಿಕೊಳ್ಳುತ್ತವೆ. 100 ಹರ್ಟ್ಸ್ ನಾದದ ಅಲೆಯುದ್ದ 3.4 ಮೀಟರ್. ಅಷ್ಟುದ್ದದ ಅಲೆ ಪುಟ್ಟ ಪೆಟ್ಟಿಗೆಯಿಂದ ಎಲ್ಲ ದಿಕ್ಕಿಗೂ ಹರಡುತ್ತದೆ. ಹಿಂದೆ ಹೋದದ್ದನ್ನು ಗೋಡೆ ಮುಂದಕ್ಕೆ ತಳ್ಳಿದಾಗ ಎರಡೂ ಸೇರಿ ಬಲ ಬರುತ್ತದೆ. ಮೂಲೆಯಲ್ಲಿಟ್ಟರೆ ಇನ್ನೂ ಹೆಚ್ಚು, ಕೆಲವೊಮ್ಮೆ ಗುಂಯ್‌ಗುಡುವಷ್ಟು.

ಆದ್ದರಿಂದ ಕೊಳ್ಳುವಾಗ ನಾನು ಮೊದಲು ನೋಡುವುದು ಆಂಟೆನಾ ಪೆಟ್ಟಿಗೆಯಿಂದ ಬೇರೆಯಾಗುತ್ತದೆಯೇ, ಅದರ ತಂತಿ ಕಿಟಕಿಯಿಂದ ಕುರ್ಚಿಯವರೆಗೆ ಮುಟ್ಟುತ್ತದೆಯೇ ಎಂದು. ಸ್ಪೀಕರಿನ ಗುಣ ಆಮೇಲಿನ ಮಾತು. ತಂತಿ ಉದ್ದವಾದಷ್ಟೂ ಕ್ಷೀಣ ಸಿಗ್ನಲ್ ದಾರಿಯಲ್ಲೇ ಸವೆಯುತ್ತದೆ. ಅದಕ್ಕೆಂದೇ ಆಂಟೆನಾದ ಒಳಗೆ ಪುಟ್ಟ ಆಂಪ್ಲಿಫೈಯರ್ ಇಟ್ಟು, ಅದೇ ತಂತಿಯಲ್ಲಿ ಅದಕ್ಕೆ ವಿದ್ಯುತ್ತು ಕಳಿಸುತ್ತಾರೆ. ಹಾಗಾಗಿ ಕಂಡ ಕಂಡ ತಂತಿಯನ್ನು ಜೋಡಿಸಿ ಉದ್ದ ಮಾಡಬಾರದು. ಆ ಆಂಟೆನಾಗೆ ಹೊಂದುವ ತಂತಿಯನ್ನೇ ಕೊಳ್ಳಬೇಕು.

ಸ್ಪೀಕರಿನ ಗಾತ್ರದ ವಿಷಯದಲ್ಲಿ ಭೌತಶಾಸ್ತ್ರ ಯಾರಿಗೂ ರಿಯಾಯಿತಿ ಕೊಡುವುದಿಲ್ಲ. 200 ಹರ್ಟ್ಸ್‌ನ ನಾದವನ್ನು ಒಂದು ಮಟ್ಟದಲ್ಲಿ ನುಡಿಸುತ್ತಿರುವ ಸ್ಪೀಕರು, 100 ಹರ್ಟ್ಸನ್ನು ಅಷ್ಟೇ ಜೋರಾಗಿ ನುಡಿಸಬೇಕಾದರೆ ಅದರ ಕಾಗದದ ಲಾಳಿಕೆ ನಾಲ್ಕು ಪಟ್ಟು ಹೆಚ್ಚು ಹಿಂದೆಮುಂದೆ ಆಡಬೇಕು. 50 ಹರ್ಟ್ಸ್‌ಗೆ ಹದಿನಾರು ಪಟ್ಟು. ಎರಡು ಮೂರು ಇಂಚಿನ ಲಾಳಿಕೆಗೆ ಅಷ್ಟು ಜಾಗವೆಲ್ಲಿ? ಪೆಟ್ಟಿಗೆ ಚಿಕ್ಕದಿರಬೇಕು, ಬ್ಯಾಟರಿ ಬಾಳಬೇಕು, ಮಂದ್ರವೂ ತುಂಬಿ ಬರಬೇಕು ಎಂದು ಮೂರನ್ನೂ ಕೇಳಿದರೆ ಒಂದನ್ನು ಬಿಟ್ಟುಕೊಡಬೇಕಾಗುತ್ತದೆ.

ಹಾಗಿದ್ದರೆ ಚಿಕ್ಕ ರೇಡಿಯೊದಲ್ಲಿ ತಂಬೂರಿ ಹೇಗೆ ಕೇಳಿಸುತ್ತದೆ? ಗಂಡುದನಿಗೆ ಕೂಡಿಸಿದ ತಂಬೂರಿಯ ಮಂದ್ರ ಷಡ್ಜದ ತಂತಿ ಮಿಡಿಯುವುದು ಸುಮಾರು 65 ಹರ್ಟ್ಸ್‌ನಲ್ಲಿ. ಅಂಗೈ ಗಾತ್ರದ ಸ್ಪೀಕರಿನಿಂದ ಆ ನಾದ ಹೊರಡುವುದೇ ಇಲ್ಲವೆನ್ನಬಹುದು. ಆದರೂ ಕಣ್ಣುಮುಚ್ಚಿ ಕೂತರೆ ಮಂದ್ರ ಷಡ್ಜ ಕೇಳಿಸುತ್ತದೆ. ಅದಕ್ಕೆ ಕಾರಣ ನಮ್ಮ ಮಿದುಳು. 130, 195, 260 ಹರ್ಟ್ಸ್ ಹೀಗೆ ಮೇಲಿನ ಅನುಸ್ವರಗಳು ಸರಿಯಾಗಿ ಬಂದರೆ, ಅವೆಲ್ಲಕ್ಕೂ ಆಧಾರವಾದ 65ನ್ನು ಮಿದುಳು ತಾನೇ ಕೂಡಿಸಿಕೊಳ್ಳುತ್ತದೆ. ತಂಬೂರಿಯಂತೂ ಅನುಸ್ವರಗಳ ಗಣಿ. ಅಗಲವಾದ, ನಯವಾಗಿ ಬಾಗಿದ ಕುದುರೆಯ ಮೇಲೆ ತಂತಿ ಸವರಿಕೊಂಡು ಮಿಡಿಯುವುದರಿಂದ, ಸಾಮಾನ್ಯ ನಿಯಮದ ಪ್ರಕಾರ ಹುಟ್ಟಬಾರದ ಅನುಸ್ವರಗಳೂ ಅದರಲ್ಲಿ ಹುಟ್ಟುತ್ತವೆ ಎಂದು 1921ರಲ್ಲೇ ಬರೆದವರು ಸಿ. ವಿ. ರಾಮನ್. ಬೆಂಗಳೂರಿಗೆ ಬರುವ ಮುಂಚೆ, ಕಲ್ಕತ್ತದಲ್ಲಿದ್ದಾಗ ಅವರು ವೀಣೆ, ತಂಬೂರಿ, ಮೃದಂಗಗಳ ಮೇಲೆ ಮಾಡಿದ ಕೆಲಸವನ್ನು ಅವರ ಬೆಳಕಿನ ಸಂಶೋಧನೆಯಷ್ಟೇ ಪ್ರೀತಿಯಿಂದ ನಾವು ನೆನೆಯಬೇಕು.

ಕೊಳ್ಳುವವರಿಗೆ ಇದರಲ್ಲೊಂದು ಸುಳಿವಿದೆ. ಚಿಕ್ಕ ಸ್ಪೀಕರಿನಿಂದ ಕೇಳಬೇಕಾದದ್ದು ಪ್ರಾಮಾಣಿಕವಾದ ಮಧ್ಯಮ ನಾದ, ಅಂದರೆ ನೂರೈವತ್ತರಿಂದ ಮೂರು ನಾಲ್ಕು ಸಾವಿರ ಹರ್ಟ್ಸ್‌ವರೆಗಿನ ಭಾಗ. ಮಾತಿನ ಸ್ಪಷ್ಟತೆ ಹೆಚ್ಚಾಗಿ ಅಲ್ಲೇ ಇದೆ, ವೀಣೆಯ ಗಮಕ ಅಲ್ಲೇ ಇದೆ. ಅಂಗಡಿಯಲ್ಲಿ ಢಂ ಢಂ ಎನ್ನುವ ಹಾಡು ಹಾಕಿ ತೋರಿಸುತ್ತಾರೆ. ನೂರರ ಆಸುಪಾಸಿನ ಒಂದೇ ಸ್ವರವನ್ನು ಉಬ್ಬಿಸಿದ ಪೆಟ್ಟಿಗೆ ಅಲ್ಲಿ ಗೆದ್ದುಬಿಡುತ್ತದೆ. ಮನೆಗೆ ತಂದು ಮೃದಂಗ ಕೇಳಿದಾಗ ಎಡದ ತೊಪ್ಪಿಯ ಗುಮಕಿ ಏರದೆ ಇಳಿಯದೆ ಒಂದೇ ಸಮ ಗುಂ ಎನ್ನುತ್ತದೆ. ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ದನಿ, ಒಂದು ಮೃದಂಗದ ತನಿಯನ್ನು ಫೋನಿನಲ್ಲಿ ಒಯ್ಯಿರಿ. ಸದ್ದು ತಗ್ಗಿಸಿ ಕೇಳಿ. ಮೂರು ಮೀಟರ್ ದೂರ ನಿಂತು ಕೇಳಿ, ಪಕ್ಕಕ್ಕೆ ಸರಿದು ಕೇಳಿ.

ವ್ಯಾಟ್ ಲೆಕ್ಕಕ್ಕೆ ಮರುಳಾಗಬೇಡಿ. ಒಂದು ಕಾಲದಲ್ಲಿ ನಮ್ಮ ಟೇಪ್‌ರೆಕಾರ್ಡರುಗಳ ಮೇಲೆ ಪಿಎಂಪಿಓ ಎಂದು ಸಾವಿರದ ಅಂಕಿಗಳನ್ನು ಅಂಟಿಸುತ್ತಿದ್ದರು. ನೋಡಬೇಕಾದದ್ದು ಸತತವಾಗಿ ಕೊಡಬಲ್ಲ ಶಕ್ತಿಯನ್ನು ಹೇಳುವ ಆರ್‌ಎಂಎಸ್ ಎಂಬ ಅಂಕಿಯನ್ನು. ಐದು ವ್ಯಾಟ್ ಹತ್ತಾದರೆ ಕಿವಿಗೆ ಸ್ವಲ್ಪವೇ ಹೆಚ್ಚೆನಿಸುತ್ತದೆ, ಅಷ್ಟೆ. ಇಮ್ಮಡಿ ಜೋರು ಎನಿಸಲು ಸುಮಾರು ಹತ್ತು ಪಟ್ಟು ವಿದ್ಯುತ್ತು ಬೇಕು, ಬ್ಯಾಟರಿಯೂ ಅದೇ ಲೆಕ್ಕದಲ್ಲಿ ಕರಗುತ್ತದೆ.

ಉಪಗ್ರಹ ರೇಡಿಯೊಗೆ ಮಧ್ಯಮ ನಾದವೇ ಮುಖ್ಯ ಎನ್ನಲು ಇನ್ನೊಂದು ಗಟ್ಟಿ ಕಾರಣವಿದೆ. ಸಿಡಿಯಲ್ಲಿ ಸಂಗೀತ ಸೆಕೆಂಡಿಗೆ 1411 ಕಿಲೋಬಿಟ್ ವೇಗದಲ್ಲಿ ಹರಿಯುತ್ತದೆ. ವರ್ಲ್ಡ್‌ಸ್ಪೇಸ್ ತನ್ನ ಪ್ರತಿ ವಾಹಕ ಅಲೆಯನ್ನು 16 ಕಿಲೋಬಿಟ್‌ನ 96 ತುಂಡುಗಳಾಗಿ ಕತ್ತರಿಸಿ ವಾಹಿನಿಗಳಿಗೆ ಹಂಚುತ್ತಿತ್ತು. ಮಾತಿಗೆ ಒಂದೆರಡು ತುಂಡು, ಸಂಗೀತಕ್ಕೆ ನಾಲ್ಕು ಅಥವಾ ಹೆಚ್ಚು. ನಾಲ್ಕು ತುಂಡು ಎಂದರೆ 64 ಕಿಲೋಬಿಟ್, ಸಿಡಿಯ ಇಪ್ಪತ್ತೆರಡನೇ ಒಂದು ಪಾಲು. ಕಿವಿಗೆ ಅಷ್ಟಾಗಿ ತಿಳಿಯದ ಭಾಗಗಳನ್ನು ಕೈಬಿಟ್ಟು ಇಷ್ಟರಲ್ಲಿ ಹಿಡಿಸುತ್ತಾರೆ. ಮೊದಲು ಸೊರಗುವುದು ತೀರ ಮೇಲಿನ ನಾದಗಳು. ತಾಳದ ಝಣತ್ಕಾರ ನೀರಿನಲ್ಲಿ ಅದ್ದಿದಂತೆ ಕೇಳುತ್ತದೆ. ಮೇಲಿನ ನಾದವನ್ನು ಹರಿತವಾಗಿ ಎತ್ತಿ ತೋರಿಸುವ ದುಬಾರಿ ಸ್ಪೀಕರು ಈ ಊನವನ್ನೇ ಎತ್ತಿ ತೋರಿಸುತ್ತದೆ. ಮೃದುವಾದ, ಸಾಧಾರಣ ಬೆಲೆಯ ಸ್ಪೀಕರಿನಲ್ಲಿ ಅದೇ ವಾಹಿನಿ ಹಿತವಾಗಿ ಕೇಳುವುದುಂಟು.

ಹೀಗೆ ಹಿಂಡಿದ ಸಂಗೀತವನ್ನು ಬ್ಲೂಟೂತ್ ಮೂಲಕ ಸ್ಪೀಕರಿಗೆ ಕಳಿಸಿದರೆ ಅದು ಇನ್ನೊಮ್ಮೆ ಹಿಂಡಿಸಿಕೊಳ್ಳುತ್ತದೆ. ತಂತಿಯಲ್ಲಿ ಕಳಿಸಿದರೆ ಆ ಎರಡನೇ ಹಿಂಡುವಿಕೆ ತಪ್ಪುತ್ತದೆ. ಅಮೆರಿಕದಲ್ಲಿರುವ ನಮ್ಮವರು ಸಿರಿಯಸ್ ಎಕ್ಸ್‌ಎಂ ರೇಡಿಯೊ ಕೂರಿಸುವ ಸ್ಪೀಕರ್ ಡಾಕ್ ಕೊಳ್ಳುವಾಗ, ತಮ್ಮ ರೇಡಿಯೊದ ಮಾದರಿಗೆ ಅದರ ತೊಟ್ಟಿಲು ಮತ್ತು ವೋಲ್ಟೇಜ್ ಎರಡೂ ಹೊಂದುತ್ತವೆಯೇ ಎಂದು ನೋಡಿಕೊಳ್ಳಬೇಕು.

ವರ್ಲ್ಡ್‌ಸ್ಪೇಸ್ 2008ರಲ್ಲಿ ದಿವಾಳಿ ಅರ್ಜಿ ಹಾಕಿತು. 2009ರ ಡಿಸೆಂಬರ್ 31ಕ್ಕೆ ಭಾರತದ ಸೇವೆ ನಿಂತಿತು. ಆ ಕೊನೆಯ ವಾರ ಅಪ್ಪ ರೇಡಿಯೊ ಆರಿಸಲೇ ಇಲ್ಲ. ಆದರೆ ಉಪಗ್ರಹದ ಸಂಗೀತ ನಮಗೆ ಪೂರ್ತಿ ತಪ್ಪಿಲ್ಲ. ಆಕಾಶವಾಣಿ 2016ರ ಜನವರಿ 26ರಂದು ಬೆಂಗಳೂರಿನಿಂದ ಶುರುಮಾಡಿದ ಶಾಸ್ತ್ರೀಯ ಸಂಗೀತದ ವಾಹಿನಿ ರಾಗಂ ಬಂದದ್ದು ದೂರದರ್ಶನದ ಉಚಿತ ಡಿಟಿಎಚ್ ಮೂಲಕವೇ. ಇಲ್ಲಿ ತಾರಸಿಯ ತಟ್ಟೆ ಆಕಾಶವನ್ನು ನೋಡಿಕೊಳ್ಳುತ್ತದೆ, ಕಿಟಕಿಯ ಜಗಳವಿಲ್ಲ. ಸೆಟ್‌ಟಾಪ್ ಪೆಟ್ಟಿಗೆಯ ಹಿಂದಿರುವ ಕೆಂಪು, ಬಿಳಿ ತೂತುಗಳಿಂದ ಸ್ಪೀಕರಿಗೆ ಒಂದು ತಂತಿ ಎಳೆದು, ವಾಹಿನಿ ಹಾಕಿಕೊಂಡ ಮೇಲೆ ಟಿವಿಯನ್ನು ಆರಿಸಿಬಿಡಿ. ಈಗಿನ ಎಷ್ಟೋ ಚಿಕ್ಕ ಸ್ಪೀಕರುಗಳಲ್ಲಿ ತಂತಿ ಸಿಕ್ಕಿಸುವ ತೂತನ್ನೇ ತೆಗೆದುಬಿಟ್ಟಿದ್ದಾರೆ. ದುಡ್ಡು ಕೊಡುವ ಮುಂಚೆ ಪೆಟ್ಟಿಗೆಯನ್ನು ತಿರುಗಿಸಿ, ಅದು ಇದೆಯೇ ಎಂದು ನೋಡಿ.